ಕಂಡಕ್ಟರಕ್ಕನ ಪುಪ್ಪುಸ

ಆಕಿನ್ನ ದೇವರು ಉಳಿಸಲಿಲ್ಲ. ದವಾಖಾನಿ ಉಳಿಸಿದ್ದು ಅರ್ಧ. ಉಳಿದರ್ಧ ಆಕಿಯ ಸುಟ್ಟ ಪುಪ್ಪುಸ ತನ್ನನ್ನ ತಾನೇ ಮತ್ತ ಕಟ್ಟಿಕೊಂಡಿತು. ಆದದ್ದು ಇಷ್ಟ.

ಮೊನ್ನೆ ಬಸ್ ಡಿಪೋದಾಗ ಆಕಿಗೆ ನಿವೃತ್ತಿ ಸಮಾರಂಭ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬ ಸಾಹೇಬರು ಮೈಕ್ ಹಿಡಿದು, "ಇವರು ದೈವಕೃಪೆಯಿಂದ ಬದುಕಿ ಬಂದವರು" ಅಂತ ಬಾಳ ಹೊತ್ತು ಹೇಳಿದರು. ನಾನು ಹಿಂದಿನ ಸಾಲಿನಾಗ ಕುಂತಿದ್ದೆ. ನನಗ ತಡೀಲಿಲ್ಲ, ಬಾಜೂದಾಕಿಗೆ ಅಂದೆ: "ಈ ಸಾಹೇಬಗ ಏನೂ ಗೊತ್ತಿಲ್ಲ. ಗೋಡಿ ಈಚಿ ಕುಂತು ಆ ಉಸಿರು ಕೇಳಿದಾಕಿ ನಾನು."

ಅದಕ್ಕ ಬರೀಲಿಕ್ಕೆ ಕುಂತೇನಿ.

ಹಿರೇಕೆರೂರಿನಾಗ ನಮ್ಮದು ಒಂದೇ ಹಂಚಿನ ಕೆಳಗ ಮೂರು ಮನಿ. ಈ ತುದಿ ನಮ್ಮದು, ಸ್ವಂತದ್ದು. ನಡುವಿನದು ಮತ್ತ ಆ ತುದಿಯದು ಹಾನಗಲ್ಲಿನ ಒಬ್ಬ ಮಾಲಕನವು, ಬಾಡಿಗಿಗೆ ಕೊಟ್ಟಾನ. ನಡುವಿನ ಮನಿಯಾಗ ಆಕಿ ಇದ್ದಳು. ಆ ತುದಿಯದನ್ನ ಒಬ್ಬ ಸಾವ್ಕಾರ ಗೋವಿನಜ್ವಾಳದ ಚೀಲ ಇಡಾಕ ಹಿಡಿದಿದ್ದ. ಈ ಮನಿಗಳ ನಡುವಿನ ಗೋಡಿ ಹಂಚಿನ ತನಕ ಏರಿಲ್ಲ. ಆಳೆತ್ತರಕ್ಕಿಂತ ಒಂದೀಟು ಮ್ಯಾಲ ಹೋಗಿ ನಿಂತುಬಿಟ್ಟಾವ. ಹಿರೀಕರು ಗಾಳಿ ಆಡಲಿ ಅಂತ ಹಂಗ ಬಿಟ್ಟರೋ, ಮಣ್ಣು ಸಾಲಲಿಲ್ಲೋ, ಯಾರಿಗೆ ಗೊತ್ತು. ನಮ್ಮ ಮನಿ ಒಗ್ಗರಣಿಗೆ ಆಕಿ ಸೀನತಿದ್ದಳು. ನಾನು ಸೊಸಿಗೆ ಬೈದರ ಆಕಿ ಅಲ್ಲಿಂದ, "ಆಯಿ, ಆಕಿ ತಪ್ಪಲ್ರಿ, ಹಾಲು ಉಕ್ಕಿಸಿದವರು ನೀವ" ಅಂತ ತೀರ್ಪು ಕೊಡತಿದ್ದಳು.

ಆಕಿಗೆ ಊರೆಲ್ಲ ಕಂಡಕ್ಟರಕ್ಕ ಅನ್ನತಿತ್ತು, ನಾನೂ ಹಂಗ ಅಂತೇನಿ. ಹಾನಗಲ್ಲ ಬಸ್ಸು, ಹಾವೇರಿ ಬಸ್ಸು, ಯಾವುದು ಹಾಕಿದರ ಅದು. ಗಂಡ ಎಲ್ಲೋ ಬ್ಯಾರೆ ಮನಿ ಮಾಡಿಕೊಂಡಿದ್ದ. ಆ ಮಾತು ಆಕಿ ಎತ್ತಲಿಲ್ಲ, ನಾನು ಕೇಳಲಿಲ್ಲ.

ಆಕಿ ಕುಂತದ್ದನ್ನ ನಾನು ನೋಡಿದ್ದು ಕಡಿಮಿ. ಊಟ ನಿಂತು, ಚಹಾ ನಿಂತು, ತಲಿ ಬಾಚೂದು ಬಾಗಲದಾಗ ನಿಂತು. ಒಂದು ಕಾಲು ಹೊರಗ, ಒಂದು ಒಳಗ. "ಕುಂಡ್ರವಾ ಒಂದೀಟು, ನಿನ್ನ ನೋಡಿದರ ನನಗ ತಲಿ ತಿರಗತದ" ಅಂದರ, "ಸೀಟು ಪ್ಯಾಸೆಂಜರಿಗೆ ಆಯಿ" ಅನ್ನತಿದ್ದಳು.

ಒಮ್ಮೆ ಆಕಿ ಬಸ್ಸಿನಾಗ ಸವಣೂರಿನ ವೀಳ್ಯದೆಲಿ ಮಾರಾಕಿ ಒಬ್ಬಾಕಿ ಎಲಿ ಬುಟ್ಟಿನ್ನ ಸೀಟಿನ ಮ್ಯಾಲ ಕುಂಡ್ರಿಸಿ ತಾನು ಬಾಜೂಕ ನಿಂತಿದ್ದಳು. ನಾನೂ ಅದ ಬಸ್ಸಿನಾಗ ಇದ್ದೆ. ಕಂಡಕ್ಟರಕ್ಕ "ಬುಟ್ಟಿ ಕೆಳಗ ಇಡು" ಅಂದರ, "ಮಂದಿ ತುಳಿತಾರ್ರಿ ಅಕ್ಕಾರ, ಎಲಿ ಹಾಳಾಗತಾವ" ಅಂದಳು. "ಹಂಗಾರ ಎಲಿಗೆ ಟಿಕೆಟ್ ತಗಸು. ನಿನ್ನ ಲಗೇಜಿನಾಗ ಹಾಕತೇನಿ" ಅಂದಳು ಇಕಿ. ಬಸ್ಸು ನಕ್ಕಿತು. ಎಲಿಯಾಕಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಕುಂತು, ಇಳಿಯುವಾಗ ಇಕಿ ಕೈಯಾಗ ಒಂದು ಹಿಡಿ ಎಲಿ ತುರುಕಿ ಹೋದಳು.

ಕೊರಳಾಗ ಸೀಟಿ. ತಾಳಿ ಮರೆತರೂ ಅದನ್ನ ಮರೀತಿದ್ದಿಲ್ಲ. ಒಂದು ಊದಿದರ ನಿಲ್ಲು, ಎರಡು ಊದಿದರ ನಡಿ. ನಮ್ಮ ಓಣಿಯ ನಳದ ಹತ್ತರ ಕೊಡಕ್ಕ ಕೊಡ ಬಡಿದು ಜಗಳ ಹತ್ತಿದಾಗ ಆಕಿ ಬಾಗಲದಾಗ ನಿಂತು ಒಂದು ಊದತಿದ್ದಳು. ಹೆಂಗಸರು ಬಸ್ಸಿನಂಗ ನಿಲ್ಲತಿದ್ದರು. ಆ ಸೀಟಿ ಎಂಥಾದ್ದು ಅಂದರ, ಮಾರ್ಕೆಟ್ಟಿನ ದಿವಸ ಸಂತಿ ಗದ್ದಲದಾಗೂ ಬಸ್ ಸ್ಟ್ಯಾಂಡಿನಿಂದ ನಮ್ಮ ಪಡಸಾಲಿಗೆ ಕೇಳತಿತ್ತು.

ಅಂಥ ಪುಪ್ಪುಸ ಸುಟ್ಟಿತು.

ಸಾವ್ಕಾರನ ಗೋವಿನಜ್ವಾಳಕ್ಕ ನುಸಿ ಹತ್ತಿತ್ತು. ಗೋದಾಮು ತುಂಬಿದ್ದಕ್ಕ ಚೀಲ ತಂದು ಆ ತುದಿ ಮನಿಯಾಗ ಒಟ್ಟಿದ್ದ. ನಮ್ಮ ಕಡೆ ಎಲ್ಲಾರೂ ಮಾಡೂದನ್ನ ಅವನೂ ಮಾಡಿದ: ಚೀಲದ ನಡುವ ಗುಳಿಗಿ ಇಟ್ಟು, ತಾಡಪತ್ರಿ ಹೊದಿಸಿ, ಬಾಗಲ ಕೀಲಿ ಹಾಕಿಕೊಂಡು ಹೋದ. ಆ ಗುಳಿಗಿ ಹಸಿ ಹತ್ತಿದರ ಗ್ಯಾಸು ಬಿಡತದ, ನುಸಿ ಸಾಯತಾವ. ಮಳಿಗಾಲ, ಗಾಳಿಯೆಲ್ಲ ಹಸಿ. ಬಾಗಲ ಹಾಕಿದರ ಗ್ಯಾಸು ಒಳಗ ಇರತದ ಅಂತ ಅವನ ಲೆಕ್ಕ. ಒಗ್ಗರಣಿ ದಾಟೂ ಗೋಡಿ, ಬೈಗಳ ದಾಟೂ ಗೋಡಿ, ಗ್ಯಾಸು ಹೆಂಗ ತಡೀತದ? ಇಷ್ಟು ವರ್ಷ ಆ ಗೋಡಿ ಮ್ಯಾಲಿಂದ ಮಾತಾಡಿದ ನಾವು ಯಾರೂ ಇದನ್ನ ವಿಚಾರ ಮಾಡಿರಲಿಲ್ಲ.

ಆಕಿ ಹಾನಗಲ್ಲಿನಾಗ ವಸ್ತಿ ಮಾಡಿ ಮುಂಜಾನೆ ಬಂದು, ಮಳಿ ಒಳಗ ಬರತದಂತ ಕಿಡಕಿ ಹಾಕಿ, ಮಧ್ಯಾಹ್ನ ಮಲಗಿದ್ದಳು. ನಾವು ಮುಂದಿನ ಕಟ್ಟಿ ಮ್ಯಾಲ ಶೇಂಗಾ ಬಿಡಿಸಾಕತ್ತಿದ್ದಿವಿ. ಕೊಳೆತ ಬೆಳ್ಳುಳ್ಳಿಯಂಥ ನಾತ ಬಂತು. ಸೊಸಿ, "ಕಂಡಕ್ಟರಕ್ಕ ಚಟ್ನಿ ಕುಟ್ಟಾಕತ್ತಾರ" ಅಂದಳು. ಸಂಜೀಕ ಆಕಿ ಬಸ್ಸಿನ ಡ್ರೈವರ್ ಬಂದು, "ಅಕ್ಕಾರು ಡ್ಯೂಟಿಗೆ ಬಂದಿಲ್ಲಲ್ರಿ" ಅಂದಾಗ ಶೇಂಗಾ ಬಿಟ್ಟು ಎದ್ದೆ. ಒಳಗ ಹೋಗಿ ಗೋಡಿ ಮ್ಯಾಲಿಂದ ಕೂಗಿದೆ. ಮಾತಿಲ್ಲ. ಡ್ರೈವರು ಬಾಗಲ ಒದ್ದು ಮುರಿದ. ಬಾಯಿಗೆ ಹಸಿ ಟವೆಲ್ ಹಿಡಿದು ಒಳಗ ಹೋಗಿ ಎಳಕೊಂಡು ಬಂದ. ವಾಂತಿ ಮಾಡಿಕೊಂಡಿದ್ದಳು, ತುಟಿ ನೇರಳಿ ಹಣ್ಣಿನಂಗ ಆಗಿತ್ತು. ಉಸಿರಿನಾಗ ನೀರು ಕುದ್ದಂಗ ಸಪ್ಪಳ.

ಹುಬ್ಬಳ್ಳಿಗೆ ಒಯ್ದರು. ಮಷಿನ್ ಹಾಕಿ ಅದರ ಕಡಿಂದ ಉಸಿರಾಡಿಸಿದರು. ಬೋರಲ ಹಾಕಿ ಮಲಗಿಸಿದ್ದರು. ಸಾವ್ಕಾರ ಮರುದಿನಾನ ಚೀಲ ಹೊರಸಿಕೊಂಡು ಹೋದ. ಮಾಲಕ ಹಾನಗಲ್ಲಿಂದ ಬಂದು ಸಾವ್ಕಾರನ ಕಡೆ ಗೋಡಿನ್ನ ಹಂಚಿನ ತನಕ ಏರಿಸಿದ. ನಮ್ಮ ಕಡೆದು ಹಂಗ ಉಳೀತು. "ನಿಮ್ಮ ಕಡೆ ಏನು ಗುಳಿಗಿ ಇಲ್ಲಲ್ಲ ಆಯಿ" ಅಂದ.

ಆಕಿ ಜೀವಂತ ಬಂದಳು. ಬಂದದ್ದು ಆಕಿ ಹೌದೋ ಅಲ್ಲೋ ಅನ್ನೂವಂಗ ಇದ್ದಳು. ಮಂಚದಿಂದ ಬಚ್ಚಲಕ್ಕ ಹೋಗೂದರಾಗ ಗೋಡಿ ಹಿಡಿದು ನಿಂತು ಬಿಡತಿದ್ದಳು. ಒಂದು ಮಾತನ್ನ ಮೂರು ತುಂಡು ಮಾಡಿ ಆಡತಿದ್ದಳು. ಆದರೂ ಮೊದಲು ಕೇಳಿದ್ದು ಇದು: "ಆಯಿ... ಸೀಟಿ... ಎಲ್ಲೈತಿ?"

ಆಕಿ ಹೆದರಿದ್ದು ಸಾವಿಗಲ್ಲ. ಡಿಪೋದವರು, ದಮ್ಮು ಬರಲಿಲ್ಲಂದರ ಒಳಗ ಕುರ್ಚಿ ಕೆಲಸ ಕೊಡತೇವಿ ಅಂದಿದ್ದರು. ಬ್ಯಾರೆಯವರಾದರ ಸಕ್ಕರಿ ಹಂಚತಿದ್ದರು. ಆಕಿಗೆ ಅದು ಜೈಲು. "ಕುರ್ಚಿ ಮ್ಯಾಲ ಕುಂತು ನಾ ಯಾರಿಗೆ ಮುಂದ ಸರೀರಿ ಅನ್ನಲಿ?" ಅಂದಳು.

ಚಿಕ್ಕೇರೂರಿಂದ ಆಕಿ ತಾಯಿ ಬಂದಿದ್ದಳು, ನನ್ನ ವಯಸ್ಸಿನಾಕಿ. ಮಗಳನ್ನ ಮಂಚದಿಂದ ಇಳಿಸಗೊಡತಿರಲಿಲ್ಲ. "ಅಲುಗಾಡಬ್ಯಾಡ, ಎದಿ ಹರೀತದ" ಅಂತ. ಬಂದವರ ಕಣ್ಣು ಹತ್ತತದ ಅಂತ ಅಮಾಸಿ ದಿವಸ ಒಂದು ಒಡಕ ಹಂಚಿನ ಮ್ಯಾಲ ಕೆಂಡ ಹಾಕಿ, ಒಣ ಮೆಣಸಿನಕಾಯಿ, ಉಪ್ಪು ಇಳಿಸಿ ಸುಟ್ಟಳು. ಹೊಗಿ ನಮ್ಮ ಮನಿಗೂ ಬಂತು, ನಾವ ಕೆಮ್ಮಿದಿವಿ. ಆ ಕಡೆ ಆಕಿ ಕೆಮ್ಮು ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ. ಹೋಗಿ, ಕೆಂಡದ ಹಂಚನ್ನ ಸೆರಗಿನಾಗ ಹಿಡಿದು ಗಟಾರಕ್ಕ ಒಗೆದೆ.

"ನಿನ್ನ ಮಗಳಾಗಿದ್ದರ ಹಿಂಗ ಮಾಡತಿದ್ದೇನ?" ಅಂತ ತಾಯಿ ಬಾಯಿ ತಗದಳು.

"ನನ್ನ ಮಗಳಾಗಿದ್ದರ ಹಂಚಿನ ಜೋಡಿ ನಿನ್ನೂ ಒಗೀತಿದ್ದೆ."

ಮಂಚದ ಮ್ಯಾಲ ಆಕಿ ನಗಲಿಕ್ಕೆ ಹೋಗಿ ಮತ್ತ ಕೆಮ್ಮಿದಳು. ತಾಯಿ ಅತ್ತಳು. ಆಮ್ಯಾಲ ಆ ಮುದುಕಿ ಮಗಳ ದೃಷ್ಟಿ ತಗದು, ಮೆಣಸಿನಕಾಯಿನ್ನ ಹೊಲದ ಬದುವಿಗೆ ಒಯ್ದು ಸುಟ್ಟು ಬರತಿದ್ದಳು. ಹೋಗಲಿ, ಅವರವರ ಸಮಾಧಾನ.

ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಆಕಿ ಜೋಡಿ ನಾನ ಹೋದೆ. ಎದಿ ಡಾಕ್ಟರು ಸಣ್ಣ ಹುಡುಗಿ, ನನ್ನ ಮೊಮ್ಮಗಳಷ್ಟು. ಫೋಟೋ ತೂಗುಹಾಕಿ ತೋರಿಸಿದಳು. ಕರ್ರಗ ಇರಬೇಕಾದಲ್ಲಿ ಬೆಳ್ಳಗ ಮೋಡ ಕವಿದಂಗಿತ್ತು. ನಾನು ಅಂದೆ, "ಡಾಕ್ಟರ, ನನಗ ಇಂಗ್ಲೀಷ್ ಬ್ಯಾಡ. ಸುಟ್ಟದ್ದು ಮತ್ತ ಬರತದೋ ಇಲ್ಲೋ ಅಷ್ಟು ಹೇಳ್ರಿ."

ಆ ಹುಡುಗಿ ಸಿಟ್ಟಾಗಲಿಲ್ಲ. ಪುಪ್ಪುಸದಾಗ ದ್ರಾಕ್ಷಿ ಗೊಂಚಲದಂಗ ಸಣ್ಣ ಸಣ್ಣ ಗುಳ್ಳಿ ಇರತಾವಂತ. ಗುಳ್ಳಿ ಒಳಗ ಬಾಳ ತೆಳು ಪದರ, ಅದನ್ನ ದಾಟಿ ಗಾಳಿ ರಕ್ತಕ್ಕ ಹೋಗತದ. ಆ ತೆಳು ಪದರದ ಜೀವಕಣ ಗ್ಯಾಸಿಗೆ ಸತ್ತಾವ. ಆದರ ಅವುಗಳ ನಡುವ ಅಲ್ಲೊಂದು ಇಲ್ಲೊಂದು ದಪ್ಪನ್ನವು ಇರತಾವ. ಅವುಗಳ ದಿನದ ಕೆಲಸ ಗುಳ್ಳಿ ಅಂಟಿಕೊಳ್ಳದಂಗ ಒಳಗ ಎಣ್ಣಿಯಂಥ ಜಾರೂ ಪಸಿ ಸವರೂದು. ಇಂಥ ಹೊತ್ತಿನಾಗ ಅವು ಒಂದಕ್ಕ ಎರಡಾಗಿ, ಎರಡಕ್ಕ ನಾಲ್ಕಾಗಿ, ಆಮ್ಯಾಲ ತಾವ ಚಪ್ಪಟಿ ಆಗಿ ಹರಡಿ, ಸತ್ತವುಗಳ ಜಾಗಾ ತುಂಬತಾವ.

"ಅಂದರ ಹಿಟ್ಟಿನ ಉಂಡಿ ಬಡಿದು ರೊಟ್ಟಿ ಮಾಡಿದಂಗ" ಅಂದೆ.

"ಹಂಗ ಅನ್ರಿ ಅಜ್ಜಿ" ಅಂತ ನಕ್ಕಳು. "ಆದರ ಒಮ್ಮೊಮ್ಮೆ ಅರ್ಧಕ್ಕ ನಿಲ್ಲತಾವ. ಉಂಡಿನೂ ಅಲ್ಲ, ರೊಟ್ಟಿನೂ ಅಲ್ಲ. ಅಂಥಲ್ಲಿ ಗಾಯ ಗಡಸಾಗಿ ಕಲಿ ಬೀಳತದ. ಕಲಿ ಬಿದ್ದಲ್ಲಿ ಗಾಳಿ ದಾಟೂದಿಲ್ಲ."

ಕಂಡಕ್ಟರಕ್ಕ ಇಷ್ಟು ಹೊತ್ತು ನಿಂತ ಇದ್ದಳು. "ನಂದು ಯಾವುದು ಆಗತೈತ್ರಿ?" ಅಂದಳು.

"ಈಗ ಹೇಳಾಕ ಬರೂದಿಲ್ಲ. ತಿಂಗಳುಗಟ್ಟಲೆ ಹಿಡೀತದ. ಅದನ್ನ ಜೋರು ಮಾಡೂ ಔಷಧ ನನ್ನ ಹತ್ತರ ಇಲ್ಲ."

ಇಷ್ಟು ಖರೆ ಮಾತಾಡಿದ ಡಾಕ್ಟರನ್ನ ನಾನು ನೋಡಿರಲಿಲ್ಲ. ಹೊಗಿ ಬ್ಯಾಡ, ಮಂಚ ಹಿಡಿಯೂದು ಬ್ಯಾಡ, ದಿನಾ ಒಂದೀಟು ನಡೀಬೇಕು ಅಂದಳು. ನಡದರ ಪುಪ್ಪುಸ ಬೆಳೀತದ ಅಂತಲ್ಲ, ಮುಚ್ಚಿಕೊಂಡ ಗುಳ್ಳಿ ತೆರೀತಾವ, ಕಾಲಿಗೆ ಬಲ ಬರತದ. ಮತ್ತ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು, ಒಳಗ ಮೂರು ಗುಂಡು. ನಳಗಿ ಬಾಯಾಗ ಇಟ್ಟು ಉಸಿರು ಒಳಗ ಎಳದರ ಗುಂಡು ಮ್ಯಾಲ ಏರಬೇಕು.

ಬರುವಾಗ ಬಸ್ಸಿನಾಗ ಆಕಿ ಕಿಡಕಿ ಕಡೆ ಮುಖ ಮಾಡಿದ್ದಳು. ಸೀಟಿನ ಮ್ಯಾಲ ಕುಂತಿದ್ದಳು, ಪ್ಯಾಸೆಂಜರಂಗ. ಶಿಗ್ಗಾಂವ ದಾಟಿದ ಮ್ಯಾಲ ಅಂದಳು: "ಆಯಿ, ರೊಟ್ಟಿ ಬಡಿಯುವಾಗ... ಅರ್ಧಕ್ಕ ಬಿಟ್ಟರ ಏನ ಮಾಡತೀರಿ?"

"ಅರ್ಧಕ್ಕ ಯಾಕ ಬಿಡಲಿ?"

"ಕೈ ಸೋತರ."

"ಕೈ ಸೋತರ ನಿಂತು, ಮತ್ತ ಬಡೀತೇನಿ. ಸುಮ್ಮ ಕುಂಡ್ರು."

ಆಮ್ಯಾಲಿನ ತಿಂಗಳು ನನಗ ನೆಟ್ಟಗ ನಿದ್ದಿ ಇಲ್ಲ, ಕೂಳಿಲ್ಲ. ತಾಯಿ ಸುಗ್ಗಿಗೆ ಊರಿಗೆ ಹೋದಳು. ಗೋಡಿ ಆಚಿ ಆಕಿ ಕೆಮ್ಮಿದರ ನನಗ ಕಾಟ, ಕೆಮ್ಮದಿದ್ದರ ಅದಕ್ಕೂ ಹೆಚ್ಚಿನ ಕಾಟ. ರೊಟ್ಟಿ ಬಡಿಯೂದು ನಿಲ್ಲಿಸಿ ಕಿವಿ ಕೊಡತಿದ್ದೆ. ಸಪ್ಪಳ ಇಲ್ಲಂದರ ಹಿಟ್ಟು ನಾದೂ ಪರಾತ ಎತ್ತಿ ಗೋಡಿಗೆ ಬಡೀತಿದ್ದೆ.

"ಇದ್ದೀಯೇನ?"

"ಇದ್ದೇನ್ರಿ ಆಯಿ. ಸತ್ತಿದ್ದರ ಹೇಳಿ ಹೋಗತಿದ್ದೆ."

ಸೊಸಿ, "ನಿಮ್ಮ ಪರಾತದ ಸಪ್ಪಳಕ್ಕ ಅವರ ಎದಿ ಒಡೀತದ" ಅನ್ನತಿದ್ದಳು. ನಾನು ಕೇಳಲಿಲ್ಲ. ಒಲಿ ಮುಂದ ಕುಂತಾಗ ಪ್ರತಿ ಉಂಡಿಗೂ ಅದ ವಿಚಾರ: ಅಲ್ಲಿ ಒಳಗ ಎಷ್ಟು ಬಡಿದಾವೋ, ಎಷ್ಟು ಅರ್ಧಕ್ಕ ನಿಂತಾವೋ. ಆ ಕಡೆ ಡಬ್ಬಿಯಾಗ ಗುಂಡು ಟಕ್ ಅಂತ ಏರಿ ಟಕ್ ಅಂತ ಬೀಳೂದು ಕೇಳತಿತ್ತು. ಮೊದಲು ಒಂದ ಗುಂಡು. ಬಾಳ ದಿವಸ ಒಂದ. ಒಂದಿನ ಎರಡು ಟಕ್ ಕೇಳಿತು. ನನ್ನ ಕೈಯಾಗಿನ ರೊಟ್ಟಿ ಹರೀತು.

ಸಾವ್ಕಾರ ಆಕಿನ್ನ ನೋಡಾಕ ಬಂದಿದ್ದ, ಮೋಸಂಬಿ ತಗೊಂಡು. ಬಾಗಲದಾಗ ನಿಂತು, "ಎಲ್ಲಾರೂ ಇಡತಾರ್ರಿ ಅಕ್ಕಾರ, ನನಗೇನು ಗೊತ್ತು" ಅಂದ. ಆಕಿ ಅವನ್ನ ಮ್ಯಾಲಿಂದ ಕೆಳಗ ನೋಡಿ ಕೇಳಿದಳು: "ನುಸಿ ಆದರೂ ಸತ್ತುವೋ ಇಲ್ಲೋ ಸಾವ್ಕಾರ್ರ?"

ಅವನು ಮೋಸಂಬಿ ಇಟ್ಟು ಹೋದ. ನಾನು ತಿಂದೆ, ಚೊಲೋ ಇದ್ದುವು.

ಒಂದಿನ ನಾವು ನಳಕ್ಕ ಹೋದಾಗ ಆಕಿ ಕಳ್ಳತನದಿಂದ ಸೀಟಿ ಊದಿ ನೋಡಿದ್ದಳು. ಬರೂದರಾಗ ನೆಲಕ್ಕ ಕುಂತು ಬೆವತಿದ್ದಳು, ಸೀಟಿ ಬಾಯಾಗ ಇತ್ತು. "ಬರೇ ಗಾಳಿ ಬಂತು ಆಯಿ, ಸಪ್ಪಳ ಬರಲಿಲ್ಲ" ಅಂದಳು. ಆಕಿ ಕಣ್ಣಾಗ ನೀರು ನೋಡಿದ್ದು ಅದೊಂದ ಸಲ. ನಾನು ಸಮಾಧಾನ ಹೇಳಾಕ ಹೋಗಲಿಲ್ಲ, ನನಗ ಅದು ಬರೂದಿಲ್ಲ. ಎಬ್ಬಿಸಿ, ಓಣಿ ತುದಿತನಕ ನಡಿಸಿಕೊಂಡು ಹೋಗಿ ಬಂದೆ. ನಡುವ ಆಕಿ ನಿಂತಲ್ಲೆಲ್ಲ ನಾನೂ ನಿಂತು, ನನ್ನ ಮಣಕಾಲು ನೋಯತದ ಅಂತ ಬೈದೆ.

ಮುಂದ ಮತ್ತೊಂದು ಮಳಿಗಾಲ ಬರೂ ಹೊತ್ತಿಗೆ ಹುಬ್ಬಳ್ಳಿಯಾಗ ಹೊಸ ಫೋಟೋ ತಗದರು. ಮೋಡ ಬಾಳಷ್ಟು ಚದರಿತ್ತು. ಕೆಳಗಿನ ಅಂಚಿನಾಗ ಬಿಳಿ ಗೀರು ಉಳಿದಿದ್ದುವು. ಡಾಕ್ಟರ್ ಹುಡುಗಿ, "ಇಷ್ಟು ಕಲಿ ಉಳೀತದ, ಇದು ಹೋಗೂದಿಲ್ಲ. ಉಳಿದದ್ದು ತಾನ ಕಟ್ಟಿಕೊಂಡೈತಿ. ನಾನೂ ಇಷ್ಟು ಆಗತದ ಅಂದುಕೊಂಡಿರಲಿಲ್ಲ" ಅಂದಳು. ಕಂಡಕ್ಟರಕ್ಕ ಕೇಳಿದ್ದು ಒಂದ: "ಬಸ್ಸು ಹತ್ತಲೋ?" "ಹತ್ರಿ. ಗುಡ್ಡ ಹತ್ತಬ್ಯಾಡ್ರಿ."

ಮೊದಲ ದಿನ ನಾನು ಕೆಲಸ ಇಲ್ಲದಿದ್ದರೂ ಬಸ್ ಸ್ಟ್ಯಾಂಡಿಗೆ ಹೋದೆ. ಹಾನಗಲ್ಲ ಬಸ್ಸು. ಆಕಿ ಎರಡು ಊದಿದಳು. ಸಣ್ಣಗ, ತೆಳ್ಳಗ, ಸಂತಿಗೆ ಕೇಳೂವಂಥದ್ದಲ್ಲ. ಅದ ಡ್ರೈವರು, ಬಾಗಲ ಮುರಿದಾವ, ಹಿಂದ ತಿರುಗಿ, "ಅಕ್ಕಾರ, ಗುಬ್ಬಿ ಏನರ ಒದರಿತೇನ್ರಿ?" ಅಂದ.

"ಗುಬ್ಬಿ ಒದರಿದರೂ ಗಾಡಿ ಬಿಡಬೇಕು. ಬಿಡು!"

ಬಸ್ಸು ಹೋತು. ನಾನು ಕಾಯಿಪಲ್ಲೆ ತಗೊಂಡು ಮನಿಗೆ ಬಂದೆ. ಆಮ್ಯಾಲ ನಿವೃತ್ತಿ ತನಕ ಆಕಿ ಅದ ಗುಬ್ಬಿ ಸೀಟಿಲೆ ಬಸ್ಸು ನಡಿಸಿದಳು. ಮೆಟ್ಟಲು ಹತ್ತಿ ಒಂದು ಗಳಿಗಿ ಕಂಬಿ ಹಿಡಿದು ನಿಲ್ಲತಿದ್ದಳು. ಪ್ಯಾಸೆಂಜರು ಸೀಟು ಬಿಟ್ಟುಕೊಟ್ಟರ ಬೈತಿದ್ದಳು.

ಸಮಾರಂಭದಾಗ ಸಾಹೇಬರ ಭಾಷಣ ಮುಗಿದ ಮ್ಯಾಲ ಆಕಿ ಕೈಯಾಗ ಮೈಕ್ ಕೊಟ್ಟರು. ಆಕಿ ಹೆಗಲ ಮ್ಯಾಲಿನ ಶಾಲು ಮುಟ್ಟಿ ನೋಡಿ, "ಇದನ್ನ ನನ್ನ ಪುಪ್ಪುಸಕ್ಕ ಹೊದಿಸಬೇಕಿತ್ತು. ದುಡದದ್ದು ಅದು" ಅಂದು ಮೈಕ್ ವಾಪಸ್ ಕೊಟ್ಟಳು. ಸಾಹೇಬರಿಗೆ ನಗಬೇಕೋ ಬ್ಯಾಡೋ ತಿಳೀಲಿಲ್ಲ.

ನಿನ್ನೆ ಆಕಿ ಮನಿ ಖಾಲಿ ಮಾಡಿ ಶಿಗ್ಗಾಂವಕ್ಕ ಅಕ್ಕನ ಮನಿಗೆ ಹೋದಳು. ಟೆಂಪೋ ಹತ್ತೂ ಮುಂಚೆ ಕೊರಳಿನ ಸೀಟಿ ತಗದು ನನ್ನ ಕೈಯಾಗ ಇಟ್ಟಳು. "ಪರಾತ ಬಡೀಬ್ಯಾಡ್ರಿ ಇನ್ನ. ಇದನ್ನ ಊದ್ರಿ."

"ನನಗ್ಯಾಕ? ಮುದುಕಿ ಊದಿದರ ನಾಯಿ ಬರತಾವ."

"ಬರಲಿ" ಅಂದಳು. ಹೋದಳು.

ಅದ ಸಂಜೀಕ ಮಾಲಕ ಬಂದು ಬೀಗ ಹಾಕುವಾಗ ಹೇಳಿದ, ನಡುವಿನ ಮನಿನೂ ಸಾವ್ಕಾರಗ ಕೊಟ್ಟೇನಿ, ನಾಳಿಗೆ ಗೋವಿನಜ್ವಾಳ ಬರತದ ಅಂತ. ನಾನು ಮ್ಯಾಲ ನೋಡಿದೆ. ಸಾವ್ಕಾರನ ಕಡೆ ಗೋಡಿ ಹಂಚಿಗೆ ಮುಟ್ಟೇತಿ, ನಮ್ಮ ಕಡೆದು ಮುಟ್ಟಿಲ್ಲ. ಆ ಗೋಡಿಗೆ ಹತ್ತಿಕೊಂಡು ನಮ್ಮ ಒಳಮನಿ, ಒಳಮನಿಯಾಗ ಮೊಮ್ಮಗಳ ಬಾಣಂತಿ ಮಂಚ, ಮಂಚದ ಬಾಜೂಕ ತೊಟ್ಟಿಲು.

"ಗುಳಿಗಿ ಇಡತಾನೇನ?" ಅಂದೆ.

"ಇಟ್ಟರ ಹೇಳೇ ಇಡತಾನ್ರಿ ಆಯಿ. ಗೋಡಿ ಆಮ್ಯಾಲ ಏರಿಸೂಣು."

ಮಗನಿಗೆ ಹೇಳಿದರ, "ಅಷ್ಟು ಯಾಕ ಹೆದರತೀಬೇ, ಕಿಡಕಿ ತಗದು ಮಲಗಿದರಾತು" ಅಂದ. ರಾತ್ರಿ ತೊಟ್ಟಿಲ ಬಾಜೂಕ ಕುಂತೆ. ಕೂಸಿನ ಪುಪ್ಪುಸ ಎಷ್ಟು ಇದ್ದೀತು? ಹಸಿಬಿಸಿ, ಅಂಗೈಯಷ್ಟು. ಅದರಾಗ ಉಂಡಿ ಎಷ್ಟು, ರೊಟ್ಟಿ ಎಷ್ಟು?

ಇವತ್ತು ಮುಂಜಾನೆ ಟ್ರ್ಯಾಕ್ಟರ್ ಬಂತು. ಹಮಾಲರು ಮೊದಲ ಚೀಲ ಬೆನ್ನಿಗೆ ಹಾಕಿಕೊಂಡು ನಡುವಿನ ಮನಿ ಬಾಗಲಕ್ಕ ಬಂದರು. ನಾನು ಹೊಸ್ತಿಲ ಮ್ಯಾಲ ಹೋಗಿ ನಿಂತೆ. ಸಾವ್ಕಾರ, "ಸರೀರಿ ಆಯಿ, ಸರೀರಿ" ಅಂದ. ಮಗ ಒಳಗಿಂದ, "ಅವ್ವಾ!" ಅಂದ. ಸೀಟಿ ಬಾಯಾಗ ಇಟ್ಟು ಇದ್ದ ದಮ್ಮೆಲ್ಲ ಹಾಕಿ ಒಂದು ಊದಿದೆ. ಕಣ್ಣಿಗೆ ಕತ್ತಲಿ ಬಂತು. ಹಮಾಲರು ನಿಂತರು.

"ಮೊದಲು ಗೋಡಿ ಕಟ್ಟೂ ಗೌಂಡಿನ್ನ ಕರಕೊಂಡು ಬಾ" ಅಂದೆ ಸಾವ್ಕಾರಗ. ಅಂದು, ಆ ಹೊಸ್ತಿಲದ ಮ್ಯಾಲ ಕಾಲು ಚಾಚಿ ಕುಂತೆ. ಸಂಜೀಕ ನಮ್ಮ ಕಡೆ ಗೋಡಿ ಹಂಚಿಗೆ ಮುಟ್ಟೂತನಕ ಎರಡು ಊದಲಿಲ್ಲ.